ಅರಂತೋಡಿಗೆ ಏಳು ಪ್ರಶ್ನಾರ್ಥಕ ಚಿಹ್ನೆ

ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕವೊಂದಿತ್ತು. ಮನೆಯಲ್ಲಿ ಮದುವೆ, ಬೊಜ್ಜ (ಉತ್ತರಕ್ರಿಯೆ), ಪೂಜೆ ಏನೇ ಇದ್ದರೂ ಯಾರ್‍ಯಾರಿಗೆ ಹೇಳಿಕೆ, ಅಂದರೆ ಆಮಂತ್ರಣ, ಹೋಗಬೇಕು ಎಂಬುದರ ಪಟ್ಟಿ ಅದು. ಅರಂತೋಡು, ತೊಡಿಕಾನ, ಪೆರಾಜೆ, ಮರ್ಕಂಜ, ಸಂಪಾಜೆ ಎಂದು ಊರುವಾರು ಬರೆದಿದ್ದರು. ಒಂದು ಮನೆ ಪಾಲಾದರೆ ಪುಸ್ತಕದಲ್ಲಿ ಒಂದು ಗೆರೆ ಎರಡಾಗುತ್ತಿತ್ತು. ಯಾರಾದರೂ ಜಾಗ ಮಾರಿ ಘಟ್ಟ ಹತ್ತಿದರೆ ಹೆಸರಿನ ಮುಂದೆ ಹೊಸ ಊರು ಸೇರುತ್ತಿತ್ತು. ಅಜ್ಜ ಎರಡು ಮಾತು ಹೇಳುತ್ತಿದ್ದರು: ಹೇಳಿಕೆ ಯಾರಿಗೂ ತಪ್ಪಬಾರದು, ಹೇಳಿಕೆ ತಂದವನು ಮನೆಯವನೇ ಆಗಿರಬೇಕು. ಪರವೂರಿನವನ ಕೈಯಲ್ಲಿ ಕಳಿಸಿದ ಹೇಳಿಕೆಯನ್ನು ನಮ್ಮಲ್ಲಿ ಹೇಳಿಕೆ ಎಂದು ಯಾರೂ ಒಪ್ಪುವುದಿಲ್ಲ.

ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವ ಮೊದಲು ಸಿಗುವ ನಮ್ಮೂರು ಅರಂತೋಡಿನಿಂದ ಓದಿಗೆ, ಕೆಲಸಕ್ಕೆ ಹೊರಟವರು ಬೆಂಗಳೂರು, ಮುಂಬೈ, ಕೊಲ್ಲಿ ದೇಶ, ಅಮೆರಿಕ ಎಂದು ಚದುರಿದರು. 2004ರಲ್ಲಿ ಅವರನ್ನೆಲ್ಲ ಒಂದು ಇಮೇಲ್ ವಿಳಾಸದಡಿ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ವಿಳಾಸಕ್ಕೆ ಒಬ್ಬರು ಬರೆದರೆ ಎಲ್ಲರಿಗೂ ತಲುಪಬೇಕು. ಬಾಡಿಗೆಯ ಲಿನಕ್ಸ್ ಸರ್ವರ್ ಒಂದರಲ್ಲಿ ಮೇಲ್‌ಮ್ಯಾನ್ ಎಂಬ ತಂತ್ರಾಂಶ ಹಾಕಿ ನಾನು ಆ ಪಟ್ಟಿಯನ್ನು ನೋಡಿಕೊಂಡೆ. ಅಜ್ಜನ ಪುಸ್ತಕದ ಕೆಲಸವನ್ನೇ ಮುಂದುವರಿಸಿದೆ ಎಂದು ಇಂದಿಗೂ ನಂಬಿದ್ದೇನೆ.

ಈ ಕಸುಬಿಗೂ ಒಂದು ಚರಿತ್ರೆ ಇದೆ. ಮೊದಮೊದಲು ಇಮೇಲ್ ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು ಎಲ್ಲವನ್ನೂ ಮನುಷ್ಯರೇ ಕೈಯಾರೆ ಮಾಡುತ್ತಿದ್ದರು. 1986ರಲ್ಲಿ ಪ್ಯಾರಿಸ್‌ನಲ್ಲಿ ಓದುತ್ತಿದ್ದ ಎರಿಕ್ ಥಾಮಸ್ ಬರೆದ ಲಿಸ್ಟ್‌ಸರ್ವ್ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. 1992ರಲ್ಲಿ ಬ್ರೆಂಟ್ ಚಾಪ್‌ಮನ್ ಅವರ ಮೇಜರ್‌ಡೊಮೊ ಬಂತು. ಆಮೇಲೆ ಬಂದದ್ದು ಮೇಲ್‌ಮ್ಯಾನ್. ಜಾನ್ ವೀಗಾ ಇದನ್ನು ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಅಭಿಮಾನಿಗಳ ಪಟ್ಟಿಗಾಗಿ ಬರೆದರು. ಬ್ಯಾರಿ ವಾರ್ಸಾ ಮತ್ತು ಜೊತೆಗಾರರು ಅದನ್ನು ಬೆಳೆಸಿದರು. 1999ರಲ್ಲಿ 1.0 ಆವೃತ್ತಿ ಹೊರಬಂತು. ಬಿಟ್ಟಿಯಾಗಿ ಸಿಗುವ, ತೆರೆದು ನೋಡಿ ತಿದ್ದಬಹುದಾದ ತಂತ್ರಾಂಶ ಅದು. ಅದನ್ನು ಓಡಿಸಲು ಬೇಕಾದ ಲಿನಕ್ಸ್ ನನ್ನಂಥವರ ಕೈಗೆ ಬಂದದ್ದು ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಕೊಡುತ್ತಿದ್ದ ಸಿಡಿಯಿಂದ. 1996ರಲ್ಲಿ ಶುರುವಾದ ಆ ಸಿಡಿಗಳು ಇಲ್ಲದಿದ್ದರೆ ನಮ್ಮೂರಿನ ದೂರವಾಣಿ ತಂತಿಯಲ್ಲಿ ಅಷ್ಟು ದೊಡ್ಡ ಕಡತವನ್ನು ಇಳಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಜೂನ್ ತಿಂಗಳಲ್ಲಿ ತಂತಿಯ ಮೇಲೆ ಅಡಿಕೆ ಮರ ಬಿದ್ದರೆ ವಾರಗಟ್ಟಲೆ ಫೋನೇ ಇರುತ್ತಿರಲಿಲ್ಲ.

ಪಟ್ಟಿ ಕಟ್ಟಿದ ಮೊದಲ ದಿನವೇ ಕಳಿಸಿದ ಪತ್ರ ತಿರುಗಿ ಬಂತು. ಗುಂಪು ಹೊಂದುತ್ತಿಲ್ಲ, ಪತ್ರವನ್ನು ತಂದವನು ನಾನು ಎದುರು ನೋಡುತ್ತಿದ್ದ ಗುಂಪಿನವನಲ್ಲ ಎಂದು ಮೇಲ್‌ಮ್ಯಾನ್ ಹೇಳುತ್ತಿತ್ತು. ಸರ್ವರ್‌ಗೆ ಬಂದ ಪತ್ರವನ್ನು ಮೊದಲು ತೆಗೆದುಕೊಳ್ಳುವುದು ಪೋಸ್ಟ್‌ಫಿಕ್ಸ್ ಎಂಬ ಇನ್ನೊಂದು ತಂತ್ರಾಂಶ. ವಿಳಾಸಗಳ ಕಡತ ಯಾರ ಒಡೆತನದಲ್ಲಿದೆಯೋ ಅವರ ಹೆಸರಿನಲ್ಲೇ ಅದು ಪತ್ರವನ್ನು ಮುಂದೆ ದಾಟಿಸುತ್ತದೆ. ಆ ಕಡತ ಸರ್ವರಿನ ಸರ್ವಾಧಿಕಾರಿಯಾದ ರೂಟ್ ಒಡೆತನದಲ್ಲಿದ್ದರೆ ಮಾತ್ರ, ಯಾವ ಅಧಿಕಾರವೂ ಇಲ್ಲದ ಒಬ್ಬ ಅನಾಮಿಕನ ಕೈಯಲ್ಲಿ ಕಳಿಸುತ್ತದೆ. ನನ್ನಲ್ಲಿ ಆಗಿದ್ದುದು ಅದೇ. ಕಡತದ ಒಡೆತನವನ್ನು ಮೇಲ್‌ಮ್ಯಾನ್ ಬಳಕೆದಾರನ ಹೆಸರಿಗೆ ಬದಲಿಸಿದ ಕೂಡಲೇ ಪತ್ರ ಎಲ್ಲರಿಗೂ ಹೋಯಿತು. ಹೇಳಿಕೆ ತಂದವನು ಮನೆಯವನೇ ಆಗಿರಬೇಕು ಎಂಬ ಅಜ್ಜನ ಮಾತು ಆ ರಾತ್ರಿ ನನಗೆ ಪೂರ್ತಿ ಅರ್ಥವಾಯಿತು.

ಮೊದಲ ಎರಡು ವರ್ಷ ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರು. ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ ಎಂಬ ಕಾಲವಂತೂ ಆಗ ಮುಗಿದಿತ್ತು. ನಮ್ಮ ಸುಳ್ಯದ ಉಬರಡ್ಕವನ್ನು ಹೆಸರಿನಲ್ಲೇ ಹೊತ್ತ ಯು.ಬಿ. ಪವನಜ 1996ರಲ್ಲೇ ‘ವಿಶ್ವಕನ್ನಡ’ ಜಾಲಪತ್ರಿಕೆ ತಂದಿದ್ದರು. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಬಳಕೆಗೆ ಬಂದಿತ್ತು. 2006ರ ಹೊತ್ತಿಗೆ ನಮ್ಮವರೂ ಯೂನಿಕೋಡ್ ಕನ್ನಡದಲ್ಲಿ ಬರೆಯತೊಡಗಿದರು. ಕೆಲವರು ಮನೆಮಾತಾದ ಅರೆಭಾಷೆಯಲ್ಲೇ ಬರೆದರು. ಅರೆಭಾಷೆಗೆ ಸರಕಾರ ಅಕಾಡೆಮಿ ಮಾಡಿದ್ದು 2011ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ ನಮ್ಮ ಪಟ್ಟಿಯಲ್ಲಿ ಆ ಭಾಷೆಯ ಪತ್ರಗಳು ಓಡಾಡಿದ್ದವು.

ಆಗಲೇ ಹೊಸ ತೊಂದರೆ ಎದುರಾಯಿತು. ಪತ್ರಗಳನ್ನು ಒಂದೊಂದಾಗಿ ತರಿಸಿಕೊಳ್ಳುವವರಿಗೆ ಕನ್ನಡ ಸರಿಯಾಗಿ ಕಾಣುತ್ತಿತ್ತು. ದಿನದ ಪತ್ರಗಳನ್ನು ಒಂದೇ ಕಟ್ಟಾಗಿ ತರಿಸಿಕೊಳ್ಳುವವರಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಹೋಗುತ್ತಿದ್ದವು. ಹಳೆಯ ಪತ್ರಗಳ ಪುಟದಲ್ಲೂ ಅದೇ ಪಾಡು. ಎರಡೇ ಅಕ್ಷರದ ‘ಉಟ್ಟು’ ಅಲ್ಲಿ ಐದು ಚಿಹ್ನೆ. ನಾಲ್ಕಕ್ಷರದ ‘ಅರಂತೋಡು’ ಏಳು ಚಿಹ್ನೆ. ಕಾಗದದ ಮೇಲೆ ಬರೆದು ಎಣಿಸಿದಾಗ ಕಾರಣ ಹೊಳೆಯಿತು. ಯೂನಿಕೋಡ್‌ನಲ್ಲಿ ಅ, ರ, ಸೊನ್ನೆ, ತ, ಓತ್ವ, ಡ, ಕೊಂಬು ಎಂದು ಏಳು ಸಂಕೇತಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಇಂಗ್ಲಿಷ್ ಪಟ್ಟಿ ಎಂದು ಗುರುತು ಹಾಕಿದ್ದರಿಂದ ಮೇಲ್‌ಮ್ಯಾನ್ ಅಮೆರಿಕದ ಹಳೆಯ ಆಸ್ಕಿ ಅಕ್ಷರಗಳಷ್ಟನ್ನೇ ಒಪ್ಪುತ್ತಿತ್ತು, ಉಳಿದ ಪ್ರತಿ ಸಂಕೇತದ ಜಾಗದಲ್ಲೂ ಒಂದು ಚಿಹ್ನೆ ಇಡುತ್ತಿತ್ತು. ಸಂರಚನಾ ಕಡತದಲ್ಲಿ ಇಂಗ್ಲಿಷಿನ ಅಕ್ಷರಕೋಶವನ್ನು ಯುಟಿಎಫ್-8 ಎಂದು ಬದಲಿಸುವ ಒಂದು ಸಾಲು ಸೇರಿಸಿ ಸೇವೆಯನ್ನು ಮತ್ತೆ ಚಾಲೂ ಮಾಡಿದೆ. ಮರುದಿನದ ಕಟ್ಟಿನಲ್ಲಿ ಅರಂತೋಡು ಅರಂತೋಡಾಗಿಯೇ ಬಂತು.

ಆವರೆಗೆ ಹಾಳಾದ ಪುಟಗಳ ಗತಿ? ಬಂದ ಪ್ರತಿ ಪತ್ರವನ್ನೂ ಮೇಲ್‌ಮ್ಯಾನ್ ಎಂಬಾಕ್ಸ್ ಎಂಬ ಒಂದೇ ಉದ್ದ ಕಡತದಲ್ಲಿ ಇದ್ದದ್ದು ಇದ್ದ ಹಾಗೆ ಕೂಡಿಡುತ್ತದೆ. ಅಲ್ಲಿ ಮೂಲ ಭದ್ರವಾಗಿತ್ತು. ಹಳೆಯ ಪುಟಗಳನ್ನು ಅಳಿಸಿ ಆ ಕಡತದಿಂದಲೇ ಹೊಸದಾಗಿ ಕಟ್ಟು ಎಂಬ ಒಂದು ಆಜ್ಞೆ ಕೊಟ್ಟೆ, ಎಲ್ಲ ಪತ್ರಗಳೂ ಮರಳಿ ಬಂದವು.

2014ರ ಏಪ್ರಿಲ್‌ನಲ್ಲಿ ದೊಡ್ಡ ಇಮೇಲ್ ಕಂಪನಿಯೊಂದು, ತನ್ನ ವಿಳಾಸದಿಂದ ಬರೆದ ಪತ್ರವನ್ನು ಬೇರೆ ಸರ್ವರ್ ತಂದರೆ ಸ್ವೀಕರಿಸಬೇಡಿ ಎಂದು ಜಗತ್ತಿಗೆ ಸಾರಿತು. ಮೋಸದ ಪತ್ರ ತಡೆಯಲು ಮಾಡಿದ ನಿಯಮ ಅದು. ಪಟ್ಟಿಯ ಸರ್ವರ್ ಮಾಡುವುದಾದರೂ ಇನ್ನೊಬ್ಬರ ಪತ್ರವನ್ನು ಹೊತ್ತು ತರುವ ಕೆಲಸವೇ. ಹಾಗಾಗಿ ಒಬ್ಬರು ಬರೆದ ಪತ್ರ ಹಲವರ ಬಾಗಿಲಿನಿಂದ ವಾಪಸಾಯಿತು. ವಾಪಸಾದ ದಿನಗಳು ಐದಾದರೆ ಸದಸ್ಯತ್ವವನ್ನು ತಡೆಹಿಡಿಯುವುದು ಮೇಲ್‌ಮ್ಯಾನ್‌ನ ರೂಢಿ. ತಪ್ಪೇ ಮಾಡದವರ ಹೆಸರುಗಳು ಹೀಗೆ ನಿಂತುಹೋದವು, ಹೇಳಿಕೆ ತಪ್ಪಿತು. ಆ ವರ್ಷದ 2.1.18 ಆವೃತ್ತಿ ಪರಿಹಾರ ಕೊಟ್ಟಿತು: ಪತ್ರ ಪಟ್ಟಿಯ ಹೆಸರಿನಲ್ಲೇ ಹೋಗುತ್ತದೆ, ಬರೆದವರ ಹೆಸರು ಜೊತೆಗಿರುತ್ತದೆ. ನಿಂತುಹೋದ ಹೆಸರುಗಳನ್ನು ಒಂದೊಂದಾಗಿ ಮರಳಿ ಸೇರಿಸಿ, ಪ್ರತಿಯೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ಮುಚ್ಚಿದಾಗ ಊರಿನ ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ನಿಮಿಷಕ್ಕೊಂದರಂತೆ ಬಂತು. ಆ ವೇಗದಿಂದ ಜನರಿಗೆ ಉಪಕಾರವಾಯಿತು. ಆದರೆ ಆ ಮಾತುಗಳು ಫೋನ್ ಬದಲಿಸಿದಾಗ ನನ್ನಿಂದ ಹೊರಟುಹೋದವು. 2006ರ ಪತ್ರಗಳು ಇಂದಿಗೂ ಇವೆ. ಯಾರ ತೋಟಕ್ಕೆ ಅಡಿಕೆಯ ಹಳದಿ ಎಲೆ ರೋಗ ಯಾವ ಮಳೆಗಾಲದ ನಂತರ ಬಂತು, ಯಾರು ಮರ ಕಡಿದು ರಬ್ಬರ್ ಇಟ್ಟರು, ಪಯಸ್ವಿನಿಗೆ ಯಾವ ವರ್ಷ ನೀರು ಬೇಗ ಬತ್ತಿತು, ಎಲ್ಲವೂ ತಾರೀಕಿನ ಸಮೇತ ಅವುಗಳಲ್ಲಿದೆ. ಊರಿನ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೇ?

ಮೇಲ್‌ಮ್ಯಾನ್ 2 ನಿಂತಿದ್ದ ಪ್ರೋಗ್ರಾಮಿಂಗ್ ಭಾಷೆಯಾದ ಹಳೆಯ ಪೈಥಾನ್‌ಗೆ 2020ರಿಂದ ಬೆಂಬಲವಿಲ್ಲ. ಹಳೆಯ ಸರ್ವರ್‌ಗಳು ಒಂದೊಂದಾಗಿ ಮುಚ್ಚುತ್ತಿವೆ. ನಿಮ್ಮ ಊರಿನ, ಕಾಲೇಜಿನ, ಬಳಗದ ಅಂಥ ಪಟ್ಟಿಯೊಂದು ನಿಮ್ಮ ವಶದಲ್ಲಿದ್ದರೆ ಸರ್ವರ್ ಮುಚ್ಚುವ ಮೊದಲು ಎಂಬಾಕ್ಸ್ ಕಡತವನ್ನು ತೆಗೆದಿಡಿ, ಎರಡು ಪ್ರತಿ ಮಾಡಿ, ಎರಡು ಮನೆಯಲ್ಲಿಡಿ. ನನ್ನ ಒಂದು ಪ್ರತಿ ಅರಂತೋಡಿನ ಮನೆಯಲ್ಲಿ, ಅಜ್ಜನ ಕೆಂಪು ಪುಸ್ತಕದ ಪಕ್ಕದಲ್ಲೇ ಇದೆ.