ಕುದುರೆಮುಖ: ಶಿಖರ ಒಂದು ಕಡೆ, ಗಣಿ ಇನ್ನೊಂದು ಕಡೆ

ಕುದುರೆಮುಖ ಎಂದೊಡನೆ ಒಂದು ತಲೆಮಾರಿನವರಿಗೆ ನೆನಪಾಗುವುದು ಕಬ್ಬಿಣದ ಅದಿರು. ಆದರೆ ಅದಿರು ಅಗೆದದ್ದು ಕುದುರೆಮುಖ ಶಿಖರದಲ್ಲಿ ಅಲ್ಲ ಎಂಬುದು ಅನೇಕರಿಗೆ ತಿಳಿಯದು. ಚಿಕ್ಕಮಗಳೂರು ಜಿಲ್ಲೆಯ ಸಂಸೆ ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವ, 1,894 ಮೀಟರ್ ಎತ್ತರದ ಆ ಶಿಖರಕ್ಕೆ ಗುದ್ದಲಿ ತಾಗಲಿಲ್ಲ. ಸೀಳಿಸಿಕೊಂಡದ್ದು ಅದೇ ಶ್ರೇಣಿಯ, ಮಲ್ಲೇಶ್ವರದ ಪಕ್ಕದ ಗುಡ್ಡಸಾಲು. ಶಿಖರ ಹೆಸರನ್ನಷ್ಟೇ ಕೊಟ್ಟಿತು.

ಈ ಶ್ರೇಣಿಯ ನೆತ್ತಿಯಲ್ಲಿ ಹುಲ್ಲು, ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು. ಮುಂಗಾರಿನ ಮೋಡ ಕರಾವಳಿಯಿಂದ ಬಂದು ಮೊದಲು ಡಿಕ್ಕಿ ಹೊಡೆಯುವುದು ಇಲ್ಲಿಯೇ. ಬಿದ್ದ ಮಳೆಯನ್ನು ಹುಲ್ಲು ಮತ್ತು ಕಾಡು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಗಂಗಾಮೂಲದಲ್ಲಿ ಹುಟ್ಟುತ್ತವೆಂಬುದು ಪ್ರತೀತಿ. ಮೊದಲೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನ ಕಡಲು ಸೇರುತ್ತದೆ. ಸಿಂಗಳೀಕಕ್ಕೂ ಈ ಕಾಡು ನೆಲೆ.

ಅದಿರಿನ ಸುಳಿವು ಸಿಕ್ಕಿದ್ದು 1913ರಲ್ಲಿ, ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರಿಗೆ. ಆದರೂ ಅದು ದಶಕಗಳ ಕಾಲ ಹಾಗೆಯೇ ಉಳಿಯಿತು. ಕಾರಣ ಸರಳ. ಸಂಡೂರು, ಹೊಸಪೇಟೆಯ ಅದಿರಿನಲ್ಲಿ ಕಬ್ಬಿಣದ ಪಾಲು ಶೇಕಡ 60ಕ್ಕೂ ಮೇಲೆ; ಅಗೆದು ಲಾರಿಗೆ ತುಂಬಿದರಾಯಿತು. ಇಲ್ಲಿನ ಮ್ಯಾಗ್ನಟೈಟ್‌ನಲ್ಲಿ ಅದು ಶೇಕಡ 40ನ್ನೂ ಮುಟ್ಟುವುದಿಲ್ಲ. ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣವನ್ನು ಬೇರ್ಪಡಿಸಬೇಕು. ಒಂದು ಟನ್ ಮಾರುವಂಥ ಸರಕಿಗೆ ಸುಮಾರು ಮೂರು ಟನ್ ಗುಡ್ಡ ಅಗೆಯಬೇಕು.

ಇಷ್ಟೆಲ್ಲ ಖರ್ಚು ಹಾಕಲು ಮುಂದೆ ಬಂದವರು ಇರಾನಿನ ಷಾ. 1975ರ ಒಪ್ಪಂದದಂತೆ 63 ಕೋಟಿ ಡಾಲರ್ ಸಾಲ; ಪ್ರತಿಯಾಗಿ ವರ್ಷಕ್ಕೆ 75 ಲಕ್ಷ ಟನ್ ಅದಿರು. 1976ರ ಏಪ್ರಿಲ್‌ನಲ್ಲಿ ಕಂಪನಿ ಸ್ಥಾಪನೆಯಾಯಿತು. ಕಾಡಿನ ನಡುವೆ ಊರೊಂದು ಎದ್ದಿತು. ಸಾಂದ್ರ ಅದಿರಿನ ರಾಡಿಯನ್ನು ಘಟ್ಟದ ಕೆಳಗಿನ ಪಣಂಬೂರು ಬಂದರಿಗೆ ಸಾಗಿಸಲು 67 ಕಿ.ಮೀ. ಕೊಳವೆ ಹಾಕಿದರು. ಇನ್ನೇನು ಕೆಲಸ ಮುಗಿಯಿತು ಎನ್ನುವಾಗ, 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತರಾದರು. ಹಣ ಅರ್ಧದಲ್ಲೇ ನಿಂತಿತು, ಗಿರಾಕಿಯೂ ಇಲ್ಲವಾದ. ಕಂಪನಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು. 1987ರಲ್ಲಿ ಮಂಗಳೂರಿನಲ್ಲಿ ಉಂಡೆ ಕಟ್ಟುವ ಕಾರ್ಖಾನೆಯೂ ಬಂತು.

ಉಳಿದ ಎರಡು ಪಾಲು ಏನಾಯಿತು? ಭದ್ರೆಯ ಉಪನದಿ ಲಕ್ಯಾ ಹೊಳೆಗೆ 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ಆ ಕೆಸರನ್ನು ತುಂಬಿದರು. ಅಷ್ಟಾದರೂ ಅಗೆದ ಗುಡ್ಡದ ಮಣ್ಣು ಪ್ರತಿ ಮಳೆಗಾಲ ಭದ್ರೆಗೆ ಇಳಿಯಿತು. ಕೆಳಗೆ ಲಕ್ಕವಳ್ಳಿಯ ಜಲಾಶಯವನ್ನು ನಂಬಿದ ರೈತರಿದ್ದರು.

1987ರಲ್ಲಿಯೇ ಸರ್ಕಾರ ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತ್ತು. ಒಂದೇ ಬೆಟ್ಟದಲ್ಲಿ ಉದ್ಯಾನವೂ ಗಣಿಯೂ! 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸಬೇಕೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಅರಣ್ಯ ಇಲಾಖೆಯಲ್ಲಿ ದುಡಿದಿದ್ದ ಕೆ.ಎಂ. ಚಿಣ್ಣಪ್ಪ ಅರ್ಜಿದಾರರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪು, 2005ರ ಅಂತ್ಯಕ್ಕೆ ಗಣಿ ನಿಲ್ಲಿಸಬೇಕೆಂದಿತು. ನಿಂತಿತು ಕೂಡ. ನದಿಯ ಪರವಾಗಿ ಇದು ಸರಿಯಾದ ತೀರ್ಪೇ. ಆದರೆ ಗಣಿಯ ಸಂಬಳದ ಮೇಲೆ ನಿಂತಿದ್ದ ಊರು, ಅಂಗಡಿ, ಶಾಲೆಗಳ ಲೆಕ್ಕವನ್ನು ಯಾರೂ ಅಷ್ಟು ಜೋರಾಗಿ ಕೇಳಲಿಲ್ಲ. ಕುಟುಂಬಗಳು ಒಂದೊಂದಾಗಿ ಘಟ್ಟ ಇಳಿದವು. ಮನೆಗಳಿಗೆ ಬೀಗ ಬಿತ್ತು.

ಗುಡ್ಡದಲ್ಲಿ ಅಗೆದ ಮೆಟ್ಟಿಲುಗಳು ಹಾಗೆಯೇ ಉಳಿದವು. ಲಕ್ಯಾ ಕಣಿವೆಯ ಕೆಸರೂ ಹೋಗಲಿಲ್ಲ. ಅದು ಅಣೆಕಟ್ಟಿನ ಹಿಂದೆಯೇ ಕುಳಿತಿದೆ.