ಸರ್ ಗಿಲ್ಬರ್ಟ್ ಸ್ಕಾಟನೂ ಅವನ ಮಕ್ಕಳೂ

ಮುಂಬಯಿಗೆ ಹೋದವರು ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ರಾಜಾಬಾಯಿ ಗೋಪುರವನ್ನು ನೋಡದೆ ಬರುವುದಿಲ್ಲ. 280 ಅಡಿ ಎತ್ತರದ ಈ ಗಡಿಯಾರದ ಗೋಪುರಕ್ಕೂ ಅದರ ಕೆಳಗಿನ ಪುಸ್ತಕ ಭಂಡಾರಕ್ಕೂ ಅರಳೆಯ ವ್ಯಾಪಾರಿ ಪ್ರೇಮಚಂದ ರಾಯಚಂದನು ಹಣ ಕೊಟ್ಟು, ಗೋಪುರಕ್ಕೆ ತನ್ನ ತಾಯಿಯ ಹೆಸರಿಡಿಸಿದನು. ಪಕ್ಕದ ಪದವೀದಾನ ಮಂದಿರವು 1874ರಲ್ಲಿ ಮುಗಿಯಿತು, ಗೋಪುರವು 1878ರಲ್ಲಿ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯ ನಮ್ಮ ಹಿರಿಯರಲ್ಲಿ ಬಹುಮಂದಿ ಪದವೀಧರರೆನಿಸಿಕೊಂಡದ್ದು ಮುಂಬಯಿ ವಿಶ್ವವಿದ್ಯಾನಿಲಯದಿಂದಲೇ. ಆದರೆ ಈ ಕಟ್ಟಡಗಳ ನಕ್ಷೆಯನ್ನು ಬರೆದವನು ಮುಂಬಯಿಯನ್ನು ಕಣ್ಣಿಂದ ಕಂಡವನಲ್ಲ. ಲಂಡನ್ನಿನಲ್ಲಿ ಕುಳಿತು ಬರೆದು ಕಳುಹಿಸಿದನು; ಇಲ್ಲಿಯವರು ಕಟ್ಟಿದರು. ಅವನೇ ಜಾರ್ಜ್ ಗಿಲ್ಬರ್ಟ್ ಸ್ಕಾಟ್.

ಸ್ಕಾಟನು ಹುಟ್ಟಿದ್ದು 1811ರಲ್ಲಿ, ಬಕಿಂಗ್‌ಹ್ಯಾಂಷೈರ್ ಪ್ರಾಂತದ ಗಾಕಟ್ ಎಂಬ ಹಳ್ಳಿಯಲ್ಲಿ. ತಂದೆ ಆ ಊರಿನ ಪಾದ್ರಿ. ತಾತನು ಬೈಬಲ್ಲಿಗೆ ವ್ಯಾಖ್ಯಾನ ಬರೆದು ಹೆಸರಾದವನು. ಪಾದ್ರಿಗಳ ಮನೆ ಎಂದರೆ ವಿದ್ಯೆಗೆ ಕೊರತೆಯಿಲ್ಲ, ಹಣಕ್ಕೆ ಕೊರತೆಯುಂಟು. ಹುಡುಗನು ಸುತ್ತಲಿನ ಹಳೆಯ ಇಗರ್ಜಿಗಳ ಚಿತ್ರ ಬರೆಯುತ್ತ ಅಲೆಯುವುದನ್ನು ನೋಡಿ, ತಂದೆಯು ಅವನನ್ನು 1827ರಲ್ಲಿ ಲಂಡನ್ನಿನ ಎಡ್‌ಮೆಸ್ಟನ್ ಎಂಬ ಶಿಲ್ಪಿಯಲ್ಲಿ ಶಿಷ್ಯನಾಗಿ ಬಿಟ್ಟನು. ಈ ಗುರುವು ಭಕ್ತಿಗೀತೆಗಳನ್ನು ಬರೆದು ಖ್ಯಾತನಾದವನು. ಕಟ್ಟಡದಲ್ಲಿ ಮಾತ್ರ ಅಗ್ಗವಾದುದೇ ಅವನ ಆದರ್ಶ!

1835ರಲ್ಲಿ ತಂದೆ ತೀರಿಕೊಂಡನು. ಅದಕ್ಕೆ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ಬಡವರ ಕಾನೂನನ್ನು ಬದಲಾಯಿಸಿ, ಗತಿಯಿಲ್ಲದವರನ್ನೆಲ್ಲ ವರ್ಕ್‌ಹೌಸ್ ಎಂಬ ದರಿದ್ರಾಲಯಗಳಿಗೆ ಸೇರಿಸುವ ಏರ್ಪಾಡು ಮಾಡಿದ್ದರು. ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳೊಂದು ಕಡೆ. ಸೆರೆಮನೆಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. ಸ್ಕಾಟನು ಮಾಫಟ್ ಎಂಬವನೊಡನೆ ಪಾಲುಗೂಡಿ ಇಂಥವನ್ನು ನಲವತ್ತಕ್ಕೂ ಮಿಕ್ಕು ಕಟ್ಟಿದನು. ಹೊಟ್ಟೆಪಾಡಿನ ಕೆಲಸ. ಇದರಿಂದ ಅವನನ್ನು ಬಿಡಿಸಿದವಳು ಹೆಂಡತಿ ಕ್ಯಾರೊಲೈನ್. ಮಾಫಟನನ್ನು ಬಿಡೆಂದು ಗಂಡನಿಗೆ ಎಷ್ಟು ಹೇಳಿದರೂ ಆತನಿಗೆ ದಾಕ್ಷಿಣ್ಯ. ಕೊನೆಗೆ ಅವನು ಊರಲ್ಲಿಲ್ಲದ ದಿನ ತಾನೇ ಕಚೇರಿಗೆ ಹೋಗಿ, ಪಾಲುಗಾರಿಕೆ ಮುಗಿಯಿತೆಂದು ಮಾಫಟನಿಗೆ ತಿಳಿಸಿಬಂದಳು. ಸ್ಕಾಟನೇ ಇದನ್ನು ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ.

ಅನಂತರದ ಏಳಿಗೆಗೆ ತಡೆಯಿರಲಿಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಅವನು ಯೋಜಿಸಿದ ಸಂತ ನಿಕೋಲಸನ ದೇವಾಲಯದ ಗೋಪುರವು 1874ರಲ್ಲಿ ಮುಗಿದಾಗ ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿತ್ತು. 1849ರಿಂದ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮೇಲ್ವಿಚಾರಣೆ ಅವನದಾಯಿತು. ಲಂಡನ್ನಿನ ವಿದೇಶಾಂಗ ಕಚೇರಿಯ ವಿಷಯ ಮಾತ್ರ ಬೇರೆ. ತನ್ನ ಪ್ರಾಣವಾದ ಗಾಥಿಕ್ ಶೈಲಿಯಲ್ಲಿ, ಎಂದರೆ ಚೂಪು ಕಮಾನುಗಳ ಮಧ್ಯಯುಗದ ಶೈಲಿಯಲ್ಲಿ, ಅವನು ನಕ್ಷೆ ಬರೆದನು. ಪ್ರಧಾನಿ ಪಾಮರ್‌ಸ್ಟನ್ನನು ಅದು ಸುತರಾಂ ಕೂಡದೆಂದನು. ರಾಜೀನಾಮೆ ಕೊಡಬಹುದಾಗಿತ್ತು, ಸ್ಕಾಟನು ಕೊಡಲಿಲ್ಲ. ಇಟಲಿಯ ಶೈಲಿಯ ಪುಸ್ತಕಗಳನ್ನು ಕೊಂಡು ಓದಿ ಹೊಸ ನಕ್ಷೆ ಒಪ್ಪಿಸಿದನು. ದೊಡ್ಡ ಸಂಸಾರದವನು, ಕೈಗೆ ಬಂದುದನ್ನು ಹೇಗೆ ಬಿಟ್ಟಾನು? ಭಾರತದ ಆಡಳಿತವನ್ನು ನೋಡುತ್ತಿದ್ದ ಇಂಡಿಯಾ ಆಫೀಸೂ ಆ ಕಟ್ಟಡದ ಸಮೂಹದಲ್ಲಿಯೇ ಇತ್ತು.

1872ರಲ್ಲಿ, ಆಲ್ಬರ್ಟ್ ಸ್ಮಾರಕಕ್ಕಾಗಿ, ವಿಕ್ಟೋರಿಯಾ ರಾಣಿ ಅವನಿಗೆ ‘ಸರ್’ ಪದವಿಯನ್ನು ಕೊಟ್ಟಳು. ಅದೇ ವರ್ಷದ ಮೊದಲಲ್ಲಿ ಕ್ಯಾರೊಲೈನ್ ತೀರಿಕೊಂಡಿದ್ದಳು. ಮರುವರ್ಷ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ಮುಂದೆ ಅವನು ಯೋಜಿಸಿದ ಮಿಡ್‌ಲೆಂಡ್ ಗ್ರಾಂಡ್ ಹೋಟೆಲು ತೆರೆಯಿತು. ಕೆಂಪು ಇಟ್ಟಿಗೆಯ ಆ ಅರಮನೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಅವನು ಕಟ್ಟಿದವೂ ತಿದ್ದಿದವೂ ಸೇರಿ ಎಂಟುನೂರಕ್ಕೆ ಮೀರುತ್ತವೆ. ಒಮ್ಮೆ ಬೆಳಗಿನ ರೈಲಿನಲ್ಲಿ ಯಾವುದೋ ಊರಲ್ಲಿಳಿದು, ತಾನು ಅಲ್ಲಿಗೇಕೆ ಬಂದೆನೆಂದು ಲಂಡನ್ನಿನ ತನ್ನ ಕಚೇರಿಗೆ ತಂತಿ ಕೊಟ್ಟು ಕೇಳಿದನಂತೆ! ಕತೆಯೇ ಇರಬಹುದು, ಕತೆ ಹುಟ್ಟಲು ಕಾರಣವಂತೂ ಇತ್ತು.

ಅವನಿಗೆ ಕೆಟ್ಟ ಹೆಸರು ಬಂದದ್ದು ತಿದ್ದಿದವುಗಳಿಂದ. ಜೀರ್ಣೋದ್ಧಾರವೆಂಬುದು ನಮ್ಮ ಶಾಸನಗಳಲ್ಲಿ ಪುಣ್ಯದ ಮಾತು. 1870ರಲ್ಲಿ ಸೇಂಟ್ ಆಲ್ಬನ್ಸ್ ಊರಿನ ದೇವಾಲಯದ ಗೋಪುರವು ಕುಸಿಯುವುದರಲ್ಲಿದ್ದಾಗ ಸ್ಕಾಟನು ಅದನ್ನು ಉಳಿಸಿಕೊಟ್ಟನು, ಅದು ಪುಣ್ಯವೇ. ಆದರೆ ಹದಿಮೂರು ಹದಿನಾಲ್ಕನೆಯ ಶತಮಾನಗಳ ಗಾಥಿಕ್ಕೇ ಶ್ರೇಷ್ಠವೆಂದು ನಂಬಿದ್ದ ಅವನು, ಮುಂದಿನವರು ಸೇರಿಸಿದ ಕಿಟಕಿಗಳನ್ನು ತೆಗೆದು, ಹಿಂದೆ ಹೀಗಿದ್ದಿರಬೇಕೆಂದು ಊಹಿಸಿ ಹೊಸದನ್ನಿಡಿಸಿದ್ದುಂಟು. ಓಲೆಗರಿ ಹಿಡಿದು ಕುಳಿತವರಿಗೆ ಈ ಸಂಕಟ ಗೊತ್ತು. ಅರಿಯದ ಲಿಪಿಕಾರನ ತಪ್ಪನ್ನು ಹೇಗೋ ಕಂಡುಹಿಡಿಯಬಹುದು. ಪಂಡಿತನಾದ ಲಿಪಿಕಾರನು ಕವಿಯ ಮಾತು ಇಷ್ಟು ಒರಟಾಗಿರಲಾರದೆಂದು ಸೊಗಸಾದ ಪಾಠವೊಂದನ್ನು ತಾನೇ ಹಾಕಿಬಿಟ್ಟರೆ ಮೂಲವನ್ನು ಎಲ್ಲಿ ಹುಡುಕೋಣ? 1877ರಲ್ಲಿ ಟ್ಯೂಕ್ಸ್‌ಬರಿಯ ದೇವಾಲಯಕ್ಕೆ ಸ್ಕಾಟನು ಕೈಹಾಕುವನೆಂದು ಕೇಳಿ ಕವಿ ವಿಲಿಯಂ ಮಾರಿಸನು ಪತ್ರಿಕೆಯಲ್ಲಿ ಸಿಡಿದನು. ಹಳೆಯ ಕಟ್ಟಡಗಳನ್ನು ಇಂಥ ಉದ್ಧಾರದಿಂದ ಕಾಯಲು ಸಂಘವೂ ಹುಟ್ಟಿತು. ಮರುವರ್ಷ ಮಾರ್ಚಿಯಲ್ಲಿ ಸ್ಕಾಟನು ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲೇ ಅವನ ಸಮಾಧಿಯಾಯಿತು.

ಅವನಿಗೆ ಐವರು ಗಂಡುಮಕ್ಕಳು. ಮೂರನೆಯವನು ಓದುವ ವಯಸ್ಸಿನಲ್ಲೇ ತೀರಿಕೊಂಡನು. ತಂದೆ ಆ ನೋವನ್ನು ಮರೆಯಲಿಲ್ಲ. ಕೊನೆಯವನು ಡ್ಯೂಕಿನ್‌ಫೀಲ್ಡ್, ಶಿಲೆಯಾದ ಗಿಡಮರಗಳನ್ನು ಅಭ್ಯಸಿಸಿ ವಿಜ್ಞಾನಿಯೆಂದು ಕೀರ್ತಿ ಪಡೆದನು. ಎರಡನೆಯವನು ಜಾನ್ ಓಲ್ಡ್ರಿಡ್, ತಂದೆಯ ಕಚೇರಿಯನ್ನು ನಡೆಸಿಕೊಂಡು ಹೋದನು.

ಹಿರಿಯ ಮಗನಿಗೆ ತಂದೆಯದೇ ಹೆಸರು. ಬುದ್ಧಿಯಲ್ಲಿ ಬಹುಶಃ ತಂದೆಗಿಂತ ಒಂದು ಕೈ ಮೇಲು. ಕೇಂಬ್ರಿಜ್‌ನಲ್ಲಿ ಓದಿ ಅಲ್ಲಿಯೇ ಫೆಲೋ ಆದವನು. ತಂದೆಯ ಕಾಲದವರು ಇಳಿಗಾಲದ್ದೆಂದು ಹಳಿಯುತ್ತಿದ್ದ ಕಡೆಯ ಗಾಥಿಕ್ಕನ್ನೇ ಇವನು ಮೆಚ್ಚಿದನು. ಆ ಬಗೆಯಲ್ಲಿ ಲಂಡನ್ನಿನ ಕೆನಿಂಗ್‌ಟನ್ನಿನಲ್ಲಿ ಸಂತ ಆಗ್ನೆಸಳ ದೇವಾಲಯವನ್ನು ಕಟ್ಟಿದನು. ತಂದೆಯ ನೆನಪುಗಳ ಪುಸ್ತಕವನ್ನು ಸಂಪಾದಿಸಿ 1879ರಲ್ಲಿ ಹೊರತಂದವನೂ ಇವನೇ. ಮರುವರ್ಷ ರೋಮನ್ ಕೆಥೊಲಿಕ್ ಮತಕ್ಕೆ ಸೇರಿದನು. ಕೆಲವೇ ವರ್ಷಗಳಲ್ಲಿ ಬುದ್ಧಿ ಕೆಟ್ಟಿತು, ಕುಡಿತ ಅಂಟಿತು, ಹೆಂಡತಿ ಮಕ್ಕಳಿಂದ ದೂರವಾದನು. 1897ರಲ್ಲಿ ಅವನು ಸತ್ತದ್ದು ತಂದೆ ಯೋಜಿಸಿದ ಮಿಡ್‌ಲೆಂಡ್ ಗ್ರಾಂಡ್ ಹೋಟೆಲಿನ ಒಂದು ಕೋಣೆಯಲ್ಲಿ. ಅವನ ಸಂತ ಆಗ್ನೆಸಳ ದೇವಾಲಯವು ಎರಡನೆಯ ಮಹಾಯುದ್ಧದ ಬಾಂಬಿಗೆ ತುತ್ತಾಯಿತು. ತಂದೆಯ ಹೋಟೆಲು ಉಳಿದಿದೆ. 1935ರಲ್ಲಿ ಮುಚ್ಚಿದ್ದು 2011ರಲ್ಲಿ ಮತ್ತೆ ತೆರೆಯಿತು.

ಆ ದುರ್ದೈವಿಯ ಮಗನೇ ಜೈಲ್ಸ್. ತಂದೆಯನ್ನು ತಾನು ಎರಡೇ ಸಲ ಕಂಡ ನೆನಪೆಂದು ಹೇಳುತ್ತಿದ್ದನಂತೆ. ತಾಯಿಯು ರಜೆಯ ದಿನಗಳಲ್ಲಿ ಮಕ್ಕಳನ್ನು ಸೈಕಲ್ಲಿನ ಮೇಲೆ ಹೊರಡಿಸಿಕೊಂಡು ಹಳೆಯ ಇಗರ್ಜಿಗಳನ್ನು ತೋರಿಸಿದಳು. ಜೈಲ್ಸನು ಕೆಲಸ ಕಲಿತದ್ದು ತಂದೆಯ ಶಿಷ್ಯನೊಬ್ಬನಲ್ಲಿ. 1903ರಲ್ಲಿ ಲಿವರ್‌ಪೂಲಿನ ಮಹಾದೇವಾಲಯಕ್ಕೆ ನಡೆದ ಸ್ಪರ್ಧೆಯಲ್ಲಿ ಗೆದ್ದಾಗ ಅವನಿಗೆ ಇಪ್ಪತ್ತೆರಡು ವರ್ಷ. ಲಂಡನ್ನಿನ ಬೀದಿಗಳಿಗೆ ಗುರುತಾದ ಕೆಂಪು ಟೆಲಿಫೋನ್ ಗೂಡು ಅವನ ಕಲ್ಪನೆಯೇ. ಆದರೂ ಲಿವರ್‌ಪೂಲಿನ ಕೆಲಸವನ್ನು ಅವನು ಸಾಯುವವರೆಗೆ ಬಿಡಲಿಲ್ಲ. 1960ರಲ್ಲಿ ತೀರಿಕೊಂಡಾಗ ಅದಿನ್ನೂ ಮುಗಿದಿರಲಿಲ್ಲ. ಅದು ಆಂಗ್ಲಿಕನ್ನರ ದೇವಾಲಯ, ಅವನು ಕೆಥೊಲಿಕ್. ಅವನ ಸಮಾಧಿ ಪಶ್ಚಿಮದ ಬಾಗಿಲಿನ ಹೊರಗಿದೆ. ಕಟ್ಟಡವು ಪೂರ್ಣವಾದದ್ದು 1978ರಲ್ಲಿ, ಅವನ ತಾತ ತೀರಿಕೊಂಡ ನೂರು ವರ್ಷಕ್ಕೆ.