ಸಾಸಿವೆ ರಫ್ತು: ಭಾರತದ ಹಿಂಡಿ ಮತ್ತು ಚೀನಾ ಮಾರುಕಟ್ಟೆ

ಭಾರತದ ಮಟ್ಟಿಗೆ ಸಾಸಿವೆ ರಫ್ತು ಎಂದರೆ ಮುಖ್ಯವಾಗಿ ಸಾಸಿವೆ ಹಿಂಡಿಯ ರಫ್ತು. ಇಡೀ ಕಾಳು ಸಂಬಾರ ಪದಾರ್ಥವಾಗಿ ಅಲ್ಪ ಪ್ರಮಾಣದಲ್ಲಿ ಹೊರಹೋಗುತ್ತದೆ. ಎಣ್ಣೆ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಮಾತ್ರ ಪಶು, ಕೋಳಿ ಮತ್ತು ಮೀನಿನ ಆಹಾರವಾಗಿ ಲಕ್ಷಗಟ್ಟಲೆ ಟನ್ ಹಡಗು ಹತ್ತುತ್ತದೆ. 2022-23 ಮತ್ತು 2023-24ರಲ್ಲಿ ಈ ರಫ್ತು ವರ್ಷಕ್ಕೆ 22 ಲಕ್ಷ ಟನ್ ದಾಟಿತ್ತು. ದಕ್ಷಿಣ ಕೊರಿಯಾ, ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ವಿಯೆಟ್ನಾಂ ಹಳೆಯ ಗಿರಾಕಿಗಳು. 2025ರಲ್ಲಿ ಚೀನಾ ದೊಡ್ಡ ಗಿರಾಕಿಯಾಗಿ ಮುಂದೆ ಬಂತು.

ಬೆಳೆ ಮತ್ತು ಧಾರಣೆ

ಭಾರತದಲ್ಲಿ ಬೆಳೆಯುವ ಸಾಸಿವೆಯಲ್ಲಿ ಹೆಚ್ಚಿನದು ಬ್ರಾಸಿಕಾ ಜುನ್ಸಿಯಾ ಜಾತಿಯದು. ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಿ ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಯುವ ಹಿಂಗಾರು ಬೆಳೆ ಇದು. ಒಟ್ಟು ಇಳುವರಿಯಲ್ಲಿ ಅರ್ಧಕ್ಕೆ ಸಮೀಪದಷ್ಟು ರಾಜಸ್ಥಾನದಿಂದಲೇ ಬರುತ್ತದೆ. ಉತ್ತರ ಪ್ರದೇಶ, ಮಧ್ಯಪ್ರದೇಶ, ಹರಿಯಾಣ ಮತ್ತು ಪಶ್ಚಿಮ ಬಂಗಾಳ ನಂತರದ ಸ್ಥಾನದಲ್ಲಿವೆ. ಸರ್ಕಾರದ ಅಂದಾಜಿನಂತೆ 2023-24ರಲ್ಲಿ ದೇಶದ ಉತ್ಪಾದನೆ ಸುಮಾರು 132 ಲಕ್ಷ ಟನ್. ಈ ಬೆಳೆಗೆ ಮೀಸಲಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ರಾಜಸ್ಥಾನದ ಭರತಪುರ ಬಳಿಯ ಸೇವರ್‌ನಲ್ಲಿದೆ.

ಮಂಡಿಗಳಲ್ಲಿ ಕಾಳಿನ ಬೆಲೆ ಕಟ್ಟುವುದು ಅದರಲ್ಲಿರುವ ಎಣ್ಣೆಯ ಮೇಲೆ. ಜೈಪುರದ ಧಾರಣೆ ಶೇ 42ರಷ್ಟು ಎಣ್ಣೆ ಅಂಶವನ್ನು ಆಧಾರವಾಗಿಟ್ಟುಕೊಂಡಿದ್ದು, ಉಳಿದ ಪೇಟೆಗಳೂ ಅದನ್ನೇ ನೋಡಿಕೊಂಡು ನಡೆಯುತ್ತವೆ. ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆ 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕ್ವಿಂಟಲಿಗೆ 5,950 ರೂಪಾಯಿ ಇತ್ತು. 2026-27ಕ್ಕೆ 6,200 ರೂಪಾಯಿ ಎಂದು ಘೋಷಣೆಯಾಗಿದೆ.

ಎಣ್ಣೆ ಒಳಗೆ, ಹಿಂಡಿ ಹೊರಗೆ

ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಭಾರತ ಆಮದು ಮಾಡಿಕೊಳ್ಳುತ್ತದೆ. ಹೀಗಾಗಿ 2008ರ ಮಾರ್ಚ್‌ನಲ್ಲಿ ಖಾದ್ಯ ತೈಲಗಳ ರಫ್ತಿಗೆ ನಿಷೇಧ ಬಿತ್ತು. 2018ರ ಮಾರ್ಚ್‌ನಲ್ಲಿ ಉಳಿದ ಎಣ್ಣೆಗಳಿಗೆ ವಿನಾಯಿತಿ ಸಿಕ್ಕಿತಾದರೂ ಸಾಸಿವೆ ಎಣ್ಣೆಯನ್ನು ಮಾತ್ರ ಹೊರಗಿಡಲಾಯಿತು. ಅದನ್ನು ಗ್ರಾಹಕರಿಗೆ ಮಾರುವ 5 ಕಿಲೋವರೆಗಿನ ಪೊಟ್ಟಣಗಳಲ್ಲಿ, ಕನಿಷ್ಠ ರಫ್ತು ಬೆಲೆಗೆ ಒಳಪಟ್ಟು ಕಳಿಸಲು ಅವಕಾಶ ಉಳಿಯಿತು.

ಕಾಳನ್ನು ಮೊದಲು ಯಂತ್ರದ ಗಾಣದಲ್ಲಿ ಅರೆದು ಎಣ್ಣೆ ತೆಗೆಯುತ್ತಾರೆ. ಉಳಿಯುವ ಹಿಂಡಿಯಲ್ಲಿ ಇನ್ನೂ ಸ್ವಲ್ಪ ಎಣ್ಣೆ ಇರುತ್ತದೆ. ಅದನ್ನು ಹೆಕ್ಸೇನ್ ದ್ರಾವಕದಿಂದ ತೊಳೆದಾಗ ಎಣ್ಣೆ ಶೇ 1ರ ಆಸುಪಾಸಿಗೆ ಇಳಿದು, ಶೇ 36ರಿಂದ 38ರಷ್ಟು ಪ್ರೊಟೀನ್ ಇರುವ ಒಣ ಹಿಂಡಿ ಸಿಗುತ್ತದೆ. ರಫ್ತಾಗುವುದು ಇದೇ. ಕೊಳ್ಳುವವರು ಪ್ರೊಟೀನ್, ತೇವಾಂಶ, ಮಣ್ಣು–ಮರಳಿನ ಅಂಶ ನೋಡಿ ದರ ಹೇಳುತ್ತಾರೆ.

ಸಾಸಿವೆಯ ಖಾರವೇ ಹಿಂಡಿಯ ಮಿತಿಯೂ ಹೌದು. ಕಾಳಿನೊಳಗೆ ಗ್ಲೂಕೋಸಿನೊಲೇಟ್ ಎಂಬ ಸಂಯುಕ್ತವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆಬೇರೆ ಇರುತ್ತವೆ. ನೆನೆಸಿ ಅರೆದಾಗ ಎರಡೂ ಕೂಡಿ ಮೂಗಿಗೇರುವ ಘಾಟು ಹುಟ್ಟುತ್ತದೆ. ಕಾದ ಎಣ್ಣೆಗೆ ಬಿದ್ದ ಕಾಳು ಸಿಡಿದರೂ ಘಾಟು ಬಿಡದಿರುವುದು ಶಾಖಕ್ಕೆ ಕಿಣ್ವ ನಿಷ್ಕ್ರಿಯವಾಗುವುದರಿಂದ. ಹಿಂಡಿಯಲ್ಲಿ ಉಳಿದ ಗ್ಲೂಕೋಸಿನೊಲೇಟ್ ಹೆಚ್ಚಾದರೆ ಕೋಳಿ, ಹಂದಿಗಳು ಮೇವು ತಿನ್ನುವುದು ಕಡಿಮೆಯಾಗುತ್ತದೆ, ಥೈರಾಯ್ಡ್ ಗ್ರಂಥಿಗೂ ತೊಂದರೆಯಾಗುತ್ತದೆ. ಸಾಸಿವೆಯ ಹತ್ತಿರದ ಸಂಬಂಧಿಯಾದ ಕೆನಡಾದ ಕನೋಲ ತಳಿಗಳಲ್ಲಿ ಇದು ಗ್ರಾಂಗೆ 30 ಮೈಕ್ರೊಮೋಲ್‌ಗಿಂತ ಕಡಿಮೆ. ಭಾರತದ ಸಾಮಾನ್ಯ ತಳಿಗಳಲ್ಲಿ ಅದರ ಹಲವು ಪಟ್ಟು. ಈ ಅಂತರ ಮುಚ್ಚಲೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ‘ಪೂಸಾ ಡಬಲ್ ಝೀರೊ ಮಸ್ಟರ್ಡ್ 31’ ತಳಿಯನ್ನು ರೂಪಿಸಿತು. ಅದರಲ್ಲಿ ಎಣ್ಣೆಯೊಳಗಿನ ಎರೂಸಿಕ್ ಆಮ್ಲವೂ ಹಿಂಡಿಯೊಳಗಿನ ಗ್ಲೂಕೋಸಿನೊಲೇಟೂ ಎರಡೂ ಕಡಿಮೆ.

ಚೀನಾ ಮಾರುಕಟ್ಟೆ

ಚೀನಾದಲ್ಲಿ ಈ ಹಿಂಡಿಯ ಬಹುದೊಡ್ಡ ಬಳಕೆ ಸಿಹಿನೀರಿನ ಮೀನು ಸಾಕಣೆಯಲ್ಲಿ. 2012ರ ಆರಂಭದಲ್ಲಿ ಅದು ಭಾರತದ ಹಿಂಡಿಗೆ ಬಾಗಿಲು ಮುಚ್ಚಿತು. ಸರಕಿನಲ್ಲಿ ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಅಂಶ ಪತ್ತೆಯಾದದ್ದು ಕಾರಣ. ಬಟ್ಟೆ, ಕಾಗದಕ್ಕೆ ಬಳಸುವ ಈ ಬಣ್ಣ ತಿನ್ನುವ ಮೀನಿನ ಸಾಕಣೆಯಲ್ಲಿ ನಿಷಿದ್ಧ. ಬೆಳೆಯ ಗುಣದಲ್ಲಿ ದೋಷವಿಲ್ಲದಿದ್ದರೂ ಹೊರಗಿನಿಂದ ಸೇರಿದ ಒಂದು ಕಲಬೆರಕೆಗೆ ವರ್ಷಗಟ್ಟಲೆ ವ್ಯಾಪಾರ ತಪ್ಪಿತು. 2018ರ ಅಕ್ಟೋಬರಿನಲ್ಲಿ ಚೀನಾ ನಿಷೇಧ ತೆಗೆದು, ಪರಿಶೀಲನೆಯಲ್ಲಿ ಗೆದ್ದ ಐದು ಭಾರತೀಯ ಗಿರಣಿಗಳಿಗೆ ಮಾತ್ರ ಮೊದಲ ಅನುಮತಿ ಕೊಟ್ಟಿತು.

ಬೇಡಿಕೆ ಏಕಾಏಕಿ ಏರಿದ್ದು 2025ರಲ್ಲಿ. ಆ ವರ್ಷ ಮಾರ್ಚ್ 20ರಿಂದ ಚೀನಾ ಕೆನಡಾದ ಕನೋಲ ಎಣ್ಣೆ ಮತ್ತು ಹಿಂಡಿಗೆ ಶೇ 100ರಷ್ಟು ಹೆಚ್ಚುವರಿ ಸುಂಕ ಹಾಕಿತು. 2024ರಲ್ಲಿ ವರ್ಷವಿಡೀ ಸೇರಿ ಸುಮಾರು 60 ಸಾವಿರ ಟನ್ ಭಾರತೀಯ ಹಿಂಡಿ ಕೊಂಡಿದ್ದ ಚೀನಾದ ವ್ಯಾಪಾರಿಗಳು, ಸುಂಕ ಜಾರಿಯಾದ ಕೆಲವೇ ವಾರಗಳಲ್ಲಿ ಕನೋಲ ಹಿಂಡಿಗೆ ಬದಲಾಗಿ 50 ಸಾವಿರ ಟನ್‌ಗೂ ಹೆಚ್ಚು ಕೊಳ್ಳಲು ಒಪ್ಪಂದ ಮಾಡಿಕೊಂಡರು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಬಂದ ಈ ಲಾಭ, ಅವರಿಬ್ಬರೂ ರಾಜಿಯಾದರೆ ಕರಗುವಂಥದ್ದು. 2012ರಿಂದ 2018ರವರೆಗಿನ ಪಾಠವನ್ನು ಗಿರಣಿಗಳು ಮರೆಯದಿದ್ದರೆ ಮಾತ್ರ ಇಲ್ಲಿ ನೆಲೆ ಗಟ್ಟಿಯಾಗುತ್ತದೆ.

ಏಷ್ಯಾದ ಇತರ ಮಾರುಕಟ್ಟೆಗಳು

ದಕ್ಷಿಣ ಕೊರಿಯಾದೊಂದಿಗಿನ ಸಮಗ್ರ ಆರ್ಥಿಕ ಒಪ್ಪಂದವೂ, ಥಾಯ್ಲೆಂಡ್–ವಿಯೆಟ್ನಾಂಗಳನ್ನು ಒಳಗೊಂಡ ಆಸಿಯಾನ್ ಜೊತೆಗಿನ ಸರಕು ಒಪ್ಪಂದವೂ 2010ರಿಂದ ಜಾರಿಯಲ್ಲಿವೆ. ಬಾಂಗ್ಲಾದೇಶಕ್ಕೆ ಪೆಟ್ರಾಪೋಲ್–ಬೆನಾಪೋಲ್ ಗಡಿಯ ಮೂಲಕ ಲಾರಿಯಲ್ಲೇ ಸರಕು ಕಳಿಸಬಹುದು. ಅಲ್ಲಿ ಸಾಸಿವೆ ಎಣ್ಣೆ ಮನೆಮನೆಯ ಅಡುಗೆಗೆ ಬೇಕು. ನೇಪಾಳದಲ್ಲೂ ಹಾಗೆಯೇ. ಅಲ್ಲಿನ ರೂಪಾಯಿಯ ವಿನಿಮಯ ದರ 1993ರಿಂದ ಭಾರತದ 1 ರೂಪಾಯಿಗೆ 1.60 ಎಂದು ನಿಂತಿರುವುದರಿಂದ ಮಾರುವವರಿಗೆ ವಿನಿಮಯದ ಏರಿಳಿತದ ಭಯವಿಲ್ಲ. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ.

ಜಪಾನಿನಲ್ಲಿ ‘ಕರಾಶಿ’ ಎಂಬ ಖಾರದ ಸಾಸಿವೆ ಪುಡಿ ಬಳಕೆಯಲ್ಲಿದ್ದು, ಅದಕ್ಕೆ ಬೇಕಾದ ಕಾಳು ಹೆಚ್ಚಾಗಿ ಕೆನಡಾದಿಂದ ಬರುತ್ತದೆ. ಇಲ್ಲಿ ಜಾಗ ಬೇಕೆಂದರೆ ಕೀಟನಾಶಕದ ಲೆಕ್ಕ ಬಿಗಿಯಾಗಿರಬೇಕು. ನಿರ್ದಿಷ್ಟ ಮಿತಿ ಹೇಳದ ಯಾವುದೇ ಔಷಧದ ಉಳಿಕೆ 0.01 ಪಿಪಿಎಂ ಮೀರಬಾರದೆಂಬ ನಿಯಮ ಜಪಾನಿನಲ್ಲಿ 2006ರಿಂದ ಇದೆ.

ನಿಯಮ ಮತ್ತು ಸಂಸ್ಥೆಗಳು

ರಫ್ತುದಾರರಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಆಮದು–ರಫ್ತು ಸಂಕೇತ ಸಂಖ್ಯೆ ಕಡ್ಡಾಯ. ಸಾಸಿವೆ ಕಾಳು ಸಂಬಾರ ಮಂಡಳಿ ಕಾಯ್ದೆಯ ಪಟ್ಟಿಯಲ್ಲಿ ಇರುವುದರಿಂದ, ಸಂಬಾರವಾಗಿ ಕಳಿಸುವವರು ಕೊಚ್ಚಿಯ ಸಂಬಾರ ಮಂಡಳಿಯಲ್ಲಿ ನೋಂದಾಯಿಸಬೇಕು. ಹಿಂಡಿ ಗಿರಣಿಗಳ ಹಿತ ನೋಡಿಕೊಳ್ಳುವುದು 1963ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಸಾಲ್ವೆಂಟ್ ಎಕ್ಸ್‌ಟ್ರ್ಯಾಕ್ಟರ್ಸ್ ಅಸೋಸಿಯೇಷನ್. ಕೊಳ್ಳುವ ದೇಶ ಕೇಳುವ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಸರ್ಕಾರದ ಸಸ್ಯ ಸಂರಕ್ಷಣಾ ಅಧಿಕಾರಿಗಳು ಕೊಡುತ್ತಾರೆ.

ಕರ್ನಾಟಕ ಮತ್ತು ಗೋವಾ

ಹಳೆ ಮೈಸೂರಿನ ರಾಗಿ ಹೊಲಗಳಲ್ಲಿ ಸಾಸಿವೆ ಅವರೆ, ಹುಚ್ಚೆಳ್ಳಿನ ಜೊತೆಗೆ ಅಕ್ಕಡಿ ಸಾಲಿನ ಬೆಳೆ. ಮನೆಖರ್ಚಿಗೆ ಆದರೆ ಸಾಕೆಂಬ ಲೆಕ್ಕ. ಕರಾವಳಿಯಲ್ಲಿ ಕಾಯಿತುರಿಯೊಂದಿಗೆ ಹಸಿ ಸಾಸಿವೆ ಅರೆದು ಮಾಡುವ ಮಾವಿನಹಣ್ಣಿನ ಸಾಸಿವೆಗೂ ಗೋವಾದ ‘ಸಾಸಂವ್’ಗೂ ಹತ್ತಿರದ ನಂಟು. ಎರಡೂ ರಾಜ್ಯಗಳು ಸಾಸಿವೆಯನ್ನು ಮುಖ್ಯವಾಗಿ ಕೊಂಡು ತಿನ್ನುವ ನಾಡುಗಳು. ಆದರೂ ಸಂಸ್ಕರಿಸಿ ರಫ್ತು ಮಾಡಲು ಇಲ್ಲಿ ಅನುಕೂಲವಿದೆ: ಗೋವಾದ ಫೋಂಡಾ ತಾಲ್ಲೂಕಿನ ಕುಂಡಯಿಯಲ್ಲಿ ಕೈಗಾರಿಕಾ ವಸಾಹತು ಇದೆ. ಪಣಜಿ–ಫೋಂಡಾ ಹೆದ್ದಾರಿಯೂ ಮರ್ಮಗೋವಾ ಬಂದರೂ ಅದಕ್ಕೆ ಹತ್ತಿರ. ಕಾಳು ದೂರದ ಉತ್ತರದಿಂದ ಬರಬೇಕಾದ ಇಂಥ ಕಡೆ ಹಿಂಡಿ ಗಿರಣಿಗಿಂತ ಹೆಚ್ಚು ಹೊಂದುವುದು ಸಂಬಾರದ ಕೆಲಸ: ಸಣ್ಣ ಸಾಸಿವೆ, ದಪ್ಪ ಸಾಸಿವೆ ಬೇರ್ಪಡಿಸಿ, ಕಲ್ಲು–ಮಣ್ಣು ತೆಗೆದು, ಉಳಿಕೆ ಪರೀಕ್ಷೆ ಮಾಡಿಸಿ, ಪೊಟ್ಟಣ ಕಟ್ಟಿ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಕನ್ನಡ, ಕೊಂಕಣಿ ಮನೆಗಳಿಗೆ ತಲುಪಿಸುವುದು.

ಮುನ್ನೋಟ

ಹಿಂಡಿಗೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಸಿಕ್ಕರೆ ಗಿರಣಿಗಳು ಕಾಳಿಗೂ ಹೆಚ್ಚು ಕೊಡಬಲ್ಲವು. ಆಗ ರೈತರು ಬೆಂಬಲ ಬೆಲೆಗಾಗಿ ಸರದಿ ನಿಲ್ಲಬೇಕಾಗಿಲ್ಲ, ಬಿತ್ತನೆ ಹೆಚ್ಚಿ ಎಣ್ಣೆಯ ಆಮದೂ ತಗ್ಗುತ್ತದೆ. ಇದಕ್ಕೆ ಕಡಿಮೆ ಗ್ಲೂಕೋಸಿನೊಲೇಟಿನ ತಳಿಗಳು ಹೊಲಕ್ಕೆ ಇಳಿಯಬೇಕು, ಅವುಗಳ ಕಾಳನ್ನು ಮಂಡಿಯಲ್ಲಿ ಬೇರೆಯಾಗಿಯೇ ಕೊಳ್ಳುವ ವ್ಯವಸ್ಥೆ ಬೇಕು, ಕಣದಿಂದ ಬಂದರಿನವರೆಗೆ ಚೀಲ ಶುಚಿಯಾಗಿರಬೇಕು. ಸುಂಕದ ಲಾಭ ಯಾವ ಸರ್ಕಾರದ ಒಂದು ಆದೇಶಕ್ಕಾದರೂ ಹೋದೀತು. ಗುಣಮಟ್ಟ ನೋಡಿ ಬಂದ ಗಿರಾಕಿ ಮರುವರ್ಷವೂ ಬರುತ್ತಾನೆ.